ಮೂಳೆ ಟೊಳ್ಳಾಗುವುದು: ವಯಸ್ಸಿನ ಪಾಲೆಷ್ಟು, ಹಾರ್ಮೋನಿನ ಪಾಲೆಷ್ಟು

ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಏಕೆ ಬರುತ್ತದೆ ಎಂಬ ಪರೀಕ್ಷೆಯ ಪ್ರಶ್ನೆಗೆ "ವಯಸ್ಸಾದಂತೆ ಕ್ಯಾಲ್ಸಿಯಂ ಕಡಿಮೆಯಾಗುತ್ತದೆ" ಎಂದಷ್ಟೇ ಬರೆದು ಮುಗಿಸಬೇಡಿ. ಇಲ್ಲಿರುವುದು ಎರಡು ಬಗೆಯ ನಷ್ಟ.

ಹಳೇ ಮನೆ ರಿಪೇರಿಯ ಹಾಗೆ ಮೂಳೆಯಲ್ಲಿ ಕೆಡವುವುದು, ಕಟ್ಟುವುದು ಸದಾ ನಡೆದೇ ಇರುತ್ತದೆ. ಆಸ್ಟಿಯೋಕ್ಲಾಸ್ಟ್ ಕೋಶಗಳು ಕೆಡವುತ್ತವೆ, ಆಸ್ಟಿಯೋಬ್ಲಾಸ್ಟ್‌ಗಳು ಕಟ್ಟುತ್ತವೆ. ಒಂದು ಜಾಗ ಕೆಡವಲು ಎರಡು ಮೂರು ವಾರ ಸಾಕು, ಮತ್ತೆ ತುಂಬಲು ಮೂರು ನಾಲ್ಕು ತಿಂಗಳು ಬೇಕು. ಕೆಡವುವ ಕೆಲಸ ಹೆಚ್ಚಾದರೆ ಮೂಳೆಗೆ ನಷ್ಟವೇಕೆ ಎಂಬುದು ಈ ಲೆಕ್ಕದಲ್ಲೇ ಇದೆ.

ಹಾರ್ಮೋನಿನ ಪಾಲು ಮೊದಲು. ರ‍್ಯಾಂಕ್‌ಎಲ್ ಎಂಬ ಪ್ರೋಟೀನ್ ಆಸ್ಟಿಯೋಕ್ಲಾಸ್ಟ್‌ಗಳನ್ನು ಬೆಳೆಸುತ್ತದೆ, ಆಸ್ಟಿಯೊಪ್ರೊಟೆಜೆರಿನ್ ಅದಕ್ಕೆ ಅಡ್ಡ ನಿಲ್ಲುತ್ತದೆ. ಅಂಡಾಶಯದಲ್ಲಿ ತಯಾರಾಗುವ ಹೆಣ್ಣು ಹಾರ್ಮೋನ್ ಈಸ್ಟ್ರೋಜನ್ ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಹೆಚ್ಚಿಸುತ್ತದೆ. ಮುಟ್ಟು ನಿಂತಾಗ ಈ ಕಡಿವಾಣ ಹೋಗಿ, ಮೊದಲ 5–7 ವರ್ಷಗಳಲ್ಲೇ ಶೇ. 20ರವರೆಗೆ ಮೂಳೆ ಸಾಂದ್ರತೆ ಇಳಿಯಬಹುದು. ಸ್ಪಂಜು ಮೂಳೆ ಹೆಚ್ಚಿರುವ ಬೆನ್ನಿನ ಮಣಿಗಳಿಗೆ, ಮಣಿಕಟ್ಟಿಗೆ ಮೊದಲ ಪೆಟ್ಟು. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆಸಿಕೊಂಡವರಿಗೆ ಇದು ನಲವತ್ತಕ್ಕೂ ಮೊದಲೇ ಶುರುವಾಗಬಹುದು. ಆದ್ದರಿಂದ "ಗರ್ಭಕೋಶ ಆಪರೇಷನ್ ಆಗಿದೆ" ಅಂದರೆ ಅಂಡಾಶಯ ಉಳಿಸಿದ್ದಾರಾ ಎಂದೂ ಕೇಳಿ.

ವಯಸ್ಸಿನ ಪಾಲು ನಿಧಾನದ್ದು. ಮೂವತ್ತರ ಆಸುಪಾಸಿಗೆ ಮೂಳೆ ತನ್ನ ಗರಿಷ್ಠ ಮಟ್ಟ ಮುಟ್ಟಿರುತ್ತದೆ. ಮುಂದೆ ಮೂಳೆ ಮಜ್ಜೆಯ ಕಾಂಡಕೋಶಗಳು (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶಗಳು) ಆಸ್ಟಿಯೋಬ್ಲಾಸ್ಟ್ ಆಗುವುದು ಬಿಟ್ಟು ಕೊಬ್ಬಿನ ಕೋಶಗಳಾಗುವ ಕಡೆ ವಾಲುತ್ತವೆ. ಚರ್ಮದಲ್ಲಿ ವಿಟಮಿನ್ ಡಿ ತಯಾರಿ ತಗ್ಗುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ, ಆಗ ರಕ್ತದ ಕ್ಯಾಲ್ಸಿಯಂ ಮಟ್ಟ ಕಾಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆಯುತ್ತದೆ. ಗಂಡಸರೂ ಇದಕ್ಕೆ ಹೊರತಲ್ಲ. ಅವರ ಮೂಳೆ ಕಾಯುವುದರಲ್ಲೂ ಗಂಡು ಹಾರ್ಮೋನ್ ಟೆಸ್ಟೋಸ್ಟೆರಾನ್‌ನಿಂದ ಆಗುವ ಈಸ್ಟ್ರೋಜನ್‌ಗೆ ದೊಡ್ಡ ಪಾತ್ರವಿದೆ.

"ಸೀರೆ ಉದ್ದ ಆಗ್ಬಿಟ್ಟೈತೆ ಕಣಮ್ಮ, ನೆಲಕ್ಕೆ ತಗಲ್ತೈತೆ" ಎಂದು ಅಜ್ಜಿ ಅಂದರೆ ನಕ್ಕು ಬಿಡಬೇಡಿ, ಎತ್ತರ ಅಳೆಯಿರಿ. ಬಿಂದಿಗೆ ಎತ್ತಿದ್ದಕ್ಕೇ ಬೆನ್ನಿನ ಮಣಿ ಕುಸಿದಿರಬಹುದು, ಬಿದ್ದಿರಲೇಬೇಕೆಂದಿಲ್ಲ.

ಮುದ್ದೆ ತಿನ್ನುವ ನಮಗೆ ಇದೆಲ್ಲ ಬರಲ್ಲ ಅನ್ನುವವರು ತುಮಕೂರು, ಕೋಲಾರದಲ್ಲಿ ಬೇಕಾದಷ್ಟು ಜನ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುವುದೇನೋ ನಿಜ. ಆದರೆ ಈಸ್ಟ್ರೋಜನ್ ಇಳಿದಾಗ ಬರೀ ಕ್ಯಾಲ್ಸಿಯಂ ಆ ನಷ್ಟವನ್ನು ನಿಲ್ಲಿಸಲಾರದು.

ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) −2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ನಮ್ಮ ಕಡೆ ಇಲ್ಲೊಂದು ತೊಡಕಿದೆ. ಪಾವಗಡ, ಬಾಗೇಪಲ್ಲಿ ಸೀಮೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಅದು ಸೇರಿ ಫ್ಲೋರೋಸಿಸ್ ಆದ ಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ಕಂಡರೂ ಸುಲಭವಾಗಿ ಮುರಿಯುವಂತಿರುತ್ತದೆ. ಕೇಸ್ ಶೀಟಿನಲ್ಲಿ ಮುಟ್ಟು ನಿಂತ ವಯಸ್ಸಿನ ಪಕ್ಕದಲ್ಲೇ ಕುಡಿಯುವ ನೀರು ಎಲ್ಲಿಯದು ಎಂದು ಬರೆಯಲು ನಾನು ಹೇಳುವುದು ಇದಕ್ಕೇ.