ಜರ್ನಲ್‌ನಲ್ಲಿ ಇಂಟರ್ನ್ ಆಗುವವರು ಮೊದಲು ಉಲ್ಲೇಖಪಟ್ಟಿ ಹಿಡಿಯಲಿ

ವಿಶ್ವವಿದ್ಯಾಲಯದ ವಿಭಾಗಗಳು, ವಿದ್ವತ್ ಸಂಘಗಳು ನಡೆಸುವ ಎಷ್ಟೋ ಜರ್ನಲ್‌ಗಳಿಗೆ ಸಂಬಳದ ಸಿಬ್ಬಂದಿಯೇ ಇರುವುದಿಲ್ಲ. ಪಾಠ ಮಾಡುವ ಅಧ್ಯಾಪಕರೇ ಸಂಪಾದಕರು. ಆದ್ದರಿಂದ ಮನೆಯಿಂದಲೇ ಕೆಲಸ ಮಾಡಬಲ್ಲ ವಿದ್ಯಾರ್ಥಿ ಸ್ವಯಂಸೇವಕರನ್ನು ಅವು ಹುಡುಕುತ್ತವೆ. ಸೇರುವವರು ನೋಡಬೇಕಾದದ್ದು ಕೊಡುವ ಹುದ್ದೆಯ ಹೆಸರನ್ನಲ್ಲ, ಕೈಗಿಡುವ ಕೆಲಸವನ್ನು. ಮೊದಲ ವಾರವೇ ‘ಸಹಾಯಕ ಸಂಪಾದಕ’ ಎಂದು ಹೆಸರಿಟ್ಟು ಲೇಖನದ ಯೋಗ್ಯತೆ ಅಳೆಯಲು ಹೇಳಿದರೆ ಅಲ್ಲಿ ಕಲಿಯುವುದು ಏನೂ ಇಲ್ಲ. ಆ ವಿಮರ್ಶೆ ವಿಷಯತಜ್ಞರ ಕೆಲಸ.

ಓಪನ್ ಜರ್ನಲ್ ಸಿಸ್ಟಮ್ಸ್ ಎಂಬ ಉಚಿತ ತಂತ್ರಾಂಶವನ್ನು ಇಂಥ ಜರ್ನಲ್‌ಗಳು ಹೆಚ್ಚಾಗಿ ಬಳಸುತ್ತವೆ. ಅದರಲ್ಲಿ ಸಲ್ಲಿಕೆ, ವಿಮರ್ಶೆ, ಕಾಪಿ ಎಡಿಟಿಂಗ್ (ಒಪ್ಪಿದ ಲೇಖನದ ತಿದ್ದುಪಡಿ), ಪ್ರಕಟಣೆಯ ಸಿದ್ಧತೆ ಎಂದು ನಾಲ್ಕು ಹಂತಗಳಿವೆ. ಇಂಟರ್ನ್‌ಗೆ ಕೊನೆಯ ಎರಡು ಹಂತಗಳ ಪ್ರವೇಶ ಸಾಕು. ಸಂಪಾದಕರ ಪಾಸ್‌ವರ್ಡನ್ನೇ ಹಂಚಿಕೊಂಡರೆ ವಿಮರ್ಶಕರ ಹೆಸರುಗಳೆಲ್ಲ ಬಯಲಾಗುತ್ತವೆ, ಯಾರು ಏನು ತಿದ್ದಿದರು ಎಂಬ ದಾಖಲೆಯೂ ಉಳಿಯುವುದಿಲ್ಲ.

ಕಲಿಕೆ ಲೇಖನದ ಕೊನೆಯಲ್ಲಿರುವ ಉಲ್ಲೇಖಪಟ್ಟಿಯಿಂದ ಶುರುವಾಗಲಿ. 40 ಉಲ್ಲೇಖಗಳಿರುವ ಒಂದು ಲೇಖನ ಹೊಸಬರಿಗೆ ಮೂರ್ನಾಲ್ಕು ಗಂಟೆಯ ಕೆಲಸ. ಲೇಖನದೊಳಗೆ ಹೆಸರಿಸಿದ ಪ್ರತಿ ಕೃತಿಯೂ ಪಟ್ಟಿಯಲ್ಲಿದೆಯೇ, ಪಟ್ಟಿಯಲ್ಲಿರುವುದೆಲ್ಲ ಒಳಗೆ ಬಳಕೆಯಾಗಿದೆಯೇ ಎಂದು ಎರಡೂ ದಿಕ್ಕಿನಿಂದ ತಾಳೆ ನೋಡಬೇಕು. ವರ್ಷದಲ್ಲೇ ಹೆಚ್ಚು ತಪ್ಪು ಸಿಗುತ್ತದೆ: ಒಳಗೆ 2014, ಪಟ್ಟಿಯಲ್ಲಿ 2015. ಆಮೇಲೆ ಡಿಒಐ, ಅಂದರೆ ಪ್ರತಿ ಲೇಖನಕ್ಕೂ ಕೊಡುವ ಶಾಶ್ವತ ಡಿಜಿಟಲ್ ಗುರುತು. ಅದು 10 ಎಂಬ ಅಂಕಿಯಿಂದ ಶುರುವಾಗುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದು ನೋಡಿ. ವಾಕ್ಯದ ಕೊನೆಯ ಚುಕ್ಕಿಯೂ ಜೊತೆಗೆ ಕಾಪಿಯಾದರೆ ಸರಿಯಾದ ಡಿಒಐ ಕೂಡ ತೆರೆಯುವುದಿಲ್ಲ. ತೆರೆದ ಮಾತ್ರಕ್ಕೆ ಮುಗಿಯಿತು ಎಂದೂ ತಿಳಿಯಬಾರದು; ಶೀರ್ಷಿಕೆ, ಲೇಖಕರ ಹೆಸರು ಹೊಂದಬೇಕು. ಎಐ ಉಪಕರಣ ಹೆಣೆದ ಸುಳ್ಳು ಉಲ್ಲೇಖಗಳಲ್ಲಿ ಡಿಒಐ ಅಸಲಿಯಾಗಿದ್ದು, ತೆರೆದುಕೊಳ್ಳುವ ಲೇಖನ ಬೇರೆಯೇ ಆಗಿರುವುದುಂಟು. ಪಟ್ಟಿಯನ್ನು ಝೋಟೆರೊ ಎಂಬ ಉಲ್ಲೇಖ ನಿರ್ವಹಣೆಯ ತಂತ್ರಾಂಶಕ್ಕೆ ಹಾಕಿದರೆ, ಪ್ರಕಟಣೆಯ ನಂತರ ಹಿಂತೆಗೆದುಕೊಂಡ ಲೇಖನಗಳ ಮೇಲೆ ಅದು ಎಚ್ಚರಿಕೆಯ ಗುರುತು ತೋರಿಸುತ್ತದೆ. ಅಲ್ಪವಿರಾಮ, ಇಟಾಲಿಕ್ ಇವೆಲ್ಲ ಕೊನೆಗೆ.

ಮೆಟಾಡೇಟಾ, ಅಂದರೆ ಶೀರ್ಷಿಕೆ, ಲೇಖಕರ ಹೆಸರು ಮುಂತಾದ ವಿವರ ತುಂಬುವಾಗ ನಮ್ಮ ಕಡೆಯ ಹೆಸರುಗಳು ತೊಡಕು ಕೊಡುತ್ತವೆ. ‘ಶಾಂತಲಾ ಎಚ್. ಆರ್.’ ಎಂದಿದ್ದರೆ ಕೊನೆಯಲ್ಲಿರುವ ‘ಆರ್.’ ಎಂಬುದನ್ನೇ ಕುಲನಾಮದ ಜಾಗದಲ್ಲಿ ತುಂಬಿಬಿಡುತ್ತಾರೆ. ಅಲ್ಲಿಂದ ಮುಂದೆ ಎಲ್ಲ ಸೂಚಿಗಳಲ್ಲೂ ಆಕೆ ‘ಆರ್.’ ಆಗಿಯೇ ಉಳಿಯುತ್ತಾರೆ, ಒಬ್ಬರೇ ಬರೆದ ಲೇಖನಗಳು ಎರಡು ಮೂರು ಹೆಸರಿಗೆ ಹಂಚಿಹೋಗುತ್ತವೆ. ಊಹಿಸಬೇಡಿ. ಹಿಂದಿನ ಲೇಖನಗಳಲ್ಲಿ ಹೆಸರು ಹೇಗಿದೆ ಎಂದು ಲೇಖಕರನ್ನೇ ಕೇಳಿ, ಸಂಶೋಧಕರನ್ನು ಗುರುತಿಸುವ 16 ಸ್ಥಾನಗಳ ಆರ್ಕಿಡ್ (ORCID) ಸಂಖ್ಯೆಯನ್ನೂ ಪಡೆದು ಸೇರಿಸಿ.

ಕನ್ನಡ ಲೇಖನಗಳಲ್ಲಿ ಇನ್ನೊಂದು ಕೆಲಸವಿದೆ, ಇದನ್ನು ಮಾಡುವವರು ತೀರಾ ಕಡಿಮೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿದ್ದ ಶೀರ್ಷಿಕೆಯನ್ನು ಯುನಿಕೋಡ್‌ಗೆ ಬದಲಿಸದೆ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಅದು ತಕ್ಷಣ ಕಣ್ಣಿಗೆ ಬೀಳುತ್ತದೆ. ಬೀಳದಿರುವುದು ಅರ್ಕಾವತ್ತಿನ ಜಾಗದಲ್ಲಿ ಕುಳಿತ ಕನ್ನಡ ಒಂಬತ್ತು, ಅನುಸ್ವಾರದ ಜಾಗದಲ್ಲಿ ಕುಳಿತ ಕನ್ನಡ ಸೊನ್ನೆಯ ಅಂಕಿ. ‘ಕನಾ೯ಟಕ’, ‘ಗ೦ಗ’ ಎಂದು ಟೈಪ್ ಮಾಡಿದ್ದು ಓದಲು ಸರಿಯಾಗಿಯೇ ಕಂಡರೂ ‘ಕರ್ನಾಟಕ’, ‘ಗಂಗ’ ಎಂದು ಹುಡುಕುವವರಿಗೆ ಆ ಲೇಖನ ಸಿಗುವುದೇ ಇಲ್ಲ. ವರ್ಡ್‌ನಲ್ಲಿ ೯ ಮತ್ತು ೦ ಎರಡನ್ನೂ ಹುಡುಕಿ, ಒಂದೊಂದಾಗಿ ನೋಡಿ ತಿದ್ದಿ. ಒಟ್ಟಿಗೆ ಬದಲಿಸಿದರೆ ಕನ್ನಡ ಅಂಕಿಯಲ್ಲಿರುವ ಇಸವಿಗಳು ಹಾಳಾಗುತ್ತವೆ. ಅರ್ಕಾವತ್ತು ಇರುವ ಪದವನ್ನು ಪೂರ್ತಿ ಹೊಸದಾಗಿ ಟೈಪ್ ಮಾಡುವುದೇ ವಾಸಿ, ಏಕೆಂದರೆ ಯುನಿಕೋಡ್‌ನಲ್ಲಿ ‘ರ್’ ಮುಂಚೆ ಬರಬೇಕು.

ತಿದ್ದುವಾಗ ಪ್ರತಿ ಬದಲಾವಣೆಯನ್ನೂ ಗುರುತಿಸಿಡುವ ಟ್ರ್ಯಾಕ್ ಚೇಂಜಸ್ ಆನ್ ಇರಲಿ. ಅರ್ಥ ಬದಲಾಗುವ ಕಡೆ ಕೈಯಿಡದೆ ಕಾಮೆಂಟ್‌ನಲ್ಲಿ ಲೇಖಕರಿಗೆ ಪ್ರಶ್ನೆ ಬರೆಯಿರಿ. ಫೈಲಿನ ಹೆಸರಿನಲ್ಲಿ ಲೇಖನದ ಸಂಖ್ಯೆ, ಆವೃತ್ತಿಯ ಸಂಖ್ಯೆ, ತಿದ್ದಿದವರ ಮೊದಲಕ್ಷರ ಇದ್ದರೆ ಸಾಕು. ‘ಫೈನಲ್’ ಎಂಬ ಹೆಸರಿನ ಮೂರು ಫೈಲ್‌ಗಳಾದರೆ ತಪ್ಪಾದದ್ದೇ ಪ್ರಕಟವಾಗುವ ಅಪಾಯವಿದೆ. ಪ್ರಕಟವಾಗದ ಲೇಖನವನ್ನು ಗೆಳೆಯರಿಗೆ ಕಳಿಸುವುದು, ಭಾಷೆ ತಿದ್ದಲೆಂದು ಚಾಟ್‌ಬಾಟ್‌ಗೆ ಅಂಟಿಸುವುದು ಎರಡೂ ಗೌಪ್ಯತೆಯ ಭಂಗ. ಈ ಮಾತು ಒಪ್ಪಂದಪತ್ರದಲ್ಲೇ ಇರಬೇಕು.

ವಾರಕ್ಕೆ ಆರರಿಂದ ಎಂಟು ಗಂಟೆ, ಹತ್ತು ಹನ್ನೆರಡು ವಾರ: ಸಂಬಳವಿಲ್ಲದ ಕೆಲಸಕ್ಕೆ ಅದಕ್ಕಿಂತ ಹೆಚ್ಚು ಕೇಳುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ತಿದ್ದಿದ ಮೊದಲ ಎರಡು ಲೇಖನಗಳನ್ನು ಹಿರಿಯರೊಬ್ಬರು ಸಾಲುಸಾಲಾಗಿ ನೋಡಿ ತಿರುಗಿಸಿ ಕೊಡುತ್ತಾರೆಯೇ ಎಂದು ಸೇರುವ ಮುನ್ನವೇ ಕೇಳಿ. ಇಲ್ಲ ಎಂದರೆ ಅದು ಬಿಟ್ಟಿ ದುಡಿಮೆ ಅಷ್ಟೇ. ನೋಂದಣಿ ಶುಲ್ಕ, ಸರ್ಟಿಫಿಕೇಟ್ ಶುಲ್ಕ ಕೇಳುವ ಕಡೆ, ಇಷ್ಟು ಲೇಖನ ತಂದುಕೊಡಿ ಎಂದು ಗುರಿ ಹಾಕುವ ಕಡೆ ಹೋಗಲೇಬೇಡಿ. ಮಾನ್ಯ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ. ಈಗಲೂ ಆ ಪಟ್ಟಿಯ ಹೆಸರು ಹೇಳಿ ಕರೆಯುವ ಜರ್ನಲ್‌ನ ಐಎಸ್‌ಎಸ್‌ಎನ್ (ನಿಯತಕಾಲಿಕೆಗಳ ಗುರುತಿನ ಸಂಖ್ಯೆ) ಅನ್ನು ಐಎಸ್‌ಎಸ್‌ಎನ್ ಪೋರ್ಟಲ್‌ನಲ್ಲಿ ಪರೀಕ್ಷಿಸಿ. ಸಂಪಾದಕ ಮಂಡಳಿಯಲ್ಲಿ ಹೆಸರಿರುವ ಇಬ್ಬರಿಗಾದರೂ ಅವರ ವಿಶ್ವವಿದ್ಯಾಲಯದ ವಿಳಾಸಕ್ಕೆ ಮೇಲ್ ಬರೆದು ವಿಚಾರಿಸಿ.

ಈ ಕೆಲಸಕ್ಕೆ ಪದವಿಯ ಕ್ರೆಡಿಟ್ ಬೇಕಿದ್ದರೆ ಎಷ್ಟು ಗಂಟೆ ಬೇಕು, ಯಾರ ಸಹಿ ಬೇಕು ಎಂಬುದನ್ನು ಕಾಲೇಜಿನಿಂದ ಮೊದಲೇ ಬರೆಸಿಕೊಳ್ಳಿ, ದಿನಾಂಕವಾರು ಕೆಲಸದ ಪಟ್ಟಿ ಇಡಿ. ಪ್ರಮಾಣಪತ್ರದಲ್ಲಿ ‘ಇಂಟರ್ನ್‌ಶಿಪ್ ಮುಗಿಸಿದ್ದಾರೆ’ ಎಂದಷ್ಟೇ ಬರೆಸಬೇಡಿ. ಎಷ್ಟು ಲೇಖನಗಳ ಉಲ್ಲೇಖ ಪರಿಶೀಲಿಸಿದರು, ಎಷ್ಟಕ್ಕೆ ಮೆಟಾಡೇಟಾ ತುಂಬಿದರು, ಯಾವ ತಂತ್ರಾಂಶ ಬಳಸಿದರು ಎಂದು ಸಂಪಾದಕರು ಬರೆದುಕೊಟ್ಟರೆ ಮುಂದೆ ಕೆಲಸ ಕೇಳುವ ಕಡೆ ತೋರಿಸಬಹುದು.