ತೂಗುಚೀಲದಲ್ಲಿ ಬಂದ ಹದ

ಯಾರಾದರೂ ಚಪ್ಪಲಿಯ ಅಟ್ಟೆ ತಂದು ತೋರಿಸಿದರೆ ನಾನು ಮೊದಲು ಅಂಚನ್ನು ಚೂರು ಕೊಯ್ದು ಬೆಳಕಿಗೆ ಹಿಡಿಯುತ್ತೇನೆ. ಕೊಯ್ದ ಜಾಗ ಮೇಲಿಂದ ಕೆಳಗಿನವರೆಗೂ ಒಂದೇ ಕಂದು ಬಣ್ಣವಿದ್ದರೆ ತೊಗಲನ್ನು ಚರ್ಮವಾಗಿಸುವ ಹದ ಒಳಗಿಳಿದಿದೆ ಎಂದರ್ಥ. ನಡುವೆ ಬಿಳಿ ಗೆರೆ ಕಂಡರೆ ಅಲ್ಲಿ ಇನ್ನೂ ಹಸಿ ತೊಗಲಿದೆ. ನೆಂದರೆ ಉಬ್ಬುತ್ತದೆ, ಒಣಗಿದರೆ ಕೊರಡಾಗುತ್ತದೆ. ಚರ್ಮ ತಂತ್ರಜ್ಞಾನ ಓದಿದವರೆಲ್ಲ ಕಲಿಯುವ ಈ ಪರೀಕ್ಷೆ, ಕಾಲೇಜುಗಳು ಹುಟ್ಟುವ ಎಷ್ಟೋ ಮೊದಲೇ ಹದ ಮಾಡುವವರ ಕೈಯಲ್ಲಿತ್ತು.

ಹದ ಮಾಡುವುದು ಬೇರೆ ಕಸುಬು, ಹೊಲಿಯುವುದು ಬೇರೆ ಕಸುಬು. ಉತ್ತರ ಕರ್ನಾಟಕದಲ್ಲಿ ಹದ ಡೋಹರರದು, ಹೊಲಿಗೆ ಸಮಗಾರರದು. 12ನೇ ಶತಮಾನದ ಶರಣರಲ್ಲಿ ಡೋಹರ ಕಕ್ಕಯ್ಯನೂ ಇದ್ದಾನೆ, ಸಮಗಾರ ಹರಳಯ್ಯನೂ ಇದ್ದಾನೆ. ಹರಳಯ್ಯನ ಕಥೆ ಎಲ್ಲರಿಗೂ ಗೊತ್ತು. ಕಕ್ಕಯ್ಯನ ಕಸುಬು ಎಂಥದ್ದೆಂದು ಕೇಳಿದರೆ ಹೇಳುವವರು ಕಡಿಮೆ.

ಆ ಕಸುಬು ಹೀಗಿತ್ತು. ತೊಗಲನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಹಾಕಿ, ಬುಡ ಸಡಿಲವಾದ ಕೂದಲನ್ನು ಮೊಂಡು ಕತ್ತಿಯಿಂದ ಹೆರೆಯುವುದು. ಒಳಬದಿಯ ಮಾಂಸವನ್ನು ಹರಿತವಾದ ಕತ್ತಿಯಿಂದ ತೆಗೆಯುವುದು. ಸುಣ್ಣ ಹೋಗುವಂತೆ ತೊಳೆದು, ಜಾಲಿ ಇಲ್ಲವೇ ತಂಗಡಿ ಗಿಡದ ಚಕ್ಕೆ, ಅಂದರೆ ತೊಗಟೆ, ಜೊತೆಗೆ ಜಜ್ಜಿದ ಅಳಲೆಕಾಯಿ ಹಾಕಿದ ಒಗರು ನೀರಿಗೆ ಇಳಿಸುವುದು. ಮೊದಲು ತೆಳು ರಸ, ಆಮೇಲೆ ಗಟ್ಟಿ ರಸ. ಅವಸರಪಟ್ಟು ಗಟ್ಟಿ ರಸದಿಂದಲೇ ಶುರುಮಾಡಿದರೆ ಮೇಲ್ಪದರ ಬಿಗಿದುಕೊಂಡು ದಾರಿ ಮುಚ್ಚುತ್ತದೆ, ಒಳಗೆ ಆ ಬಿಳಿ ಗೆರೆ ಉಳಿಯುತ್ತದೆ.

ನನಗೆ ಈಗಲೂ ಬೆರಗು ಹುಟ್ಟಿಸುವುದು ಕೊನೆಯ ಹಂತ. ಅರೆಹದವಾದ ತೊಗಲನ್ನೇ ಚೀಲವಾಗಿ ಹೊಲಿದು, ಚಕ್ಕೆ ಮತ್ತು ರಸ ತುಂಬಿ ಮರದ ಕಂಬಗಳಿಗೆ ತೂಗುಹಾಕುತ್ತಾರೆ. ರಸ ತನ್ನ ಭಾರಕ್ಕೆ ತಾನೇ ತೊಗಲಿನೊಳಗೆ ಹಾದು ಹನಿಹನಿಯಾಗಿ ಜಿನುಗುತ್ತದೆ. ಕೆಳಗಿನ ಪಾತ್ರೆಯಲ್ಲಿ ಹಿಡಿದು ಮತ್ತೆ ಮೇಲಿಂದ ಸುರಿಯುತ್ತಾರೆ. ಒಂದೆರಡು ದಿನಕ್ಕೆ ಚೀಲವನ್ನು ತಲೆಕೆಳಗು ಮಾಡಬೇಕು, ಇಲ್ಲದಿದ್ದರೆ ಮೇಲ್ತುದಿಗೆ ರಸ ಸಾಲದು. ಗುಂಡಿಯಲ್ಲಿ ವಾರಗಟ್ಟಲೆ ಹಿಡಿಯುವ ಕೆಲಸ ಹೀಗೆ ಕೆಲವೇ ದಿನಗಳಲ್ಲಿ ಮುಗಿಯುತ್ತಿತ್ತು. ಒತ್ತಡ ಕೊಟ್ಟು ರಸ ಇಳಿಸುವ ತತ್ವವೇ ಇದು. ಇದನ್ನು ಕಂಡುಕೊಂಡವರನ್ನು ಊರು ಅಂಚಿನಲ್ಲಿಟ್ಟಿತು. ಅವರು ಹದ ಮಾಡಿದ ಮಿಣಿ, ಬಾರುಕೋಲು, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಚರ್ಮದ ಕಪಿಲೆ ಬಾನಿ ಮಾತ್ರ ಊರಿಗೆ ಬೇಕಿತ್ತು.

ಆ ಬಾನಿಯಿಂದಲೇ ಈ ಕಸುಬಿಗೆ ಪೆಟ್ಟು ಬಿದ್ದದ್ದೂ ಉಂಟು. ಸದಾ ನೀರಿನಲ್ಲಿರುವ ಚಕ್ಕೆ ಹದದ ಚರ್ಮ ನಿಧಾನವಾಗಿ ಒಗರು ಬಿಟ್ಟುಕೊಟ್ಟು ಕೊಳೆಯುತ್ತದೆ. ಚಕ್ಕೆಯ ಬದಲು ಕ್ರೋಮಿಯಂ ಲವಣದಿಂದ ಮಾಡುವ ಕ್ರೋಮ್ ಹದದ ಚರ್ಮ ಕುದಿನೀರಿಗೂ ಜಗ್ಗದು. 20ನೇ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಕ್ರೋಮ್ ಹದ ಬೆಳೆಸಿದ ಬ್ರಿಟಿಷ್ ಎಂಜಿನಿಯರ್ ಆಲ್ಫ್ರೆಡ್ ಚಾಟರ್ಟನ್ ನೀರೆತ್ತುವ ಬಾನಿಗಳನ್ನೂ ಅದರಿಂದ ಮಾಡಿಸಿದರು. ಮುಂದೆ ಅವರೇ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಕ್ರೋಮ್‌ನಿಂದ ಹದ ಇನ್ನೂ ಬೇಗ ಮುಗಿಯತೊಡಗಿದ ಮೇಲೆ ಅದರ ಜೊತೆ ಪೈಪೋಟಿ ಮಾಡಲು ತೂಗುಚೀಲಕ್ಕೆ ಆಗಲಿಲ್ಲ.

ಆದರೂ ಕೊಲ್ಹಾಪುರಿ ಚಪ್ಪಲಿಯ ಅಟ್ಟೆಗೆ ಇಂದಿಗೂ ಚಕ್ಕೆ ಹದವೇ ಆಗಬೇಕು. ಬೆವರು ಹೀರಿ, ಪಾದದ ಆಕಾರಕ್ಕೆ ಒಗ್ಗುವ ಗುಣ ಕ್ರೋಮ್ ಚರ್ಮಕ್ಕೆ ಅಷ್ಟಾಗಿ ಇಲ್ಲ. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿವೆ. ಸಂತೋಷವೇ. ಆದರೆ ನಾನು ಕಂಡ ಹೊಲಿಯುವವರಲ್ಲಿ ಹೆಚ್ಚಿನವರು ಅಟ್ಟೆಯ ಚರ್ಮವನ್ನು ಬೇರೆ ಊರಿನಿಂದ ಕೊಂಡು ತರುತ್ತಾರೆ. ತರುವ ಮುನ್ನ ಅವರೂ ಅಂಚನ್ನು ಚೂರು ಕೊಯ್ದು ನೋಡುತ್ತಾರೆ, ನಡುವೆ ಬಿಳಿ ಗೆರೆ ಇದೆಯೇ ಎಂದು.