ಸಗಣಿ ಸುಟ್ಟ ಗುಡ್ಡಕ್ಕೂ ಕಾನೂನಿನ ಕಾವಲು ಬೇಕಾ?

ಬಳ್ಳಾರಿ ಸೀಮೆಯಲ್ಲಿ ಹಳೆಯ ಸ್ಮಾರಕ ತೋರಿಸಿ ಅಂದರೆ ಜನ ಕೋಟೆ ತೋರಿಸುತ್ತಾರೆ, ಇಲ್ಲವೇ ಹಂಪಿಯ ದಾರಿ ಹೇಳುತ್ತಾರೆ. ಅದೇ ದಾರಿಯಲ್ಲಿ, ಕುಡತಿನಿ ಹತ್ತಿರ, ಹಂಪಿಗಿಂತ ಮೂರು ಸಾವಿರ ವರ್ಷಕ್ಕೂ ಹಳೆಯದೊಂದು ದಿಬ್ಬ ಇದೆ. ಕಂಬ ಇಲ್ಲ, ಶಾಸನ ಇಲ್ಲ, ಫೋಟೋ ತೆಗೆಸಿಕೊಳ್ಳೋಣ ಅಂತಲೂ ಅನ್ನಿಸುವುದಿಲ್ಲ. ಬರೀ ಬೂದಿ. (ಅದೇ ಕುಡತಿನಿಯಲ್ಲಿ ಈಗ ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರವೂ ಇದೆ. ಆ ಊರಿಗೂ ಬೂದಿಗೂ ಏನೋ ಋಣ!)

ಭೀಮ ಕೊಂದ ಹಿಡಿಂಬಾಸುರನ ಬೂದಿ ಇದು ಎಂದು ಹಿಂದಿನವರು ಹೇಳುತ್ತಿದ್ದರು. ಹಂಪಿ ಪಕ್ಕದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಜಾಗವಂತೆ. ನಗಬೇಡಿ, ಓದಿದವರ ಊಹೆಗಳೇನೂ ಇದಕ್ಕಿಂತ ಗಟ್ಟಿಯಾಗಿರಲಿಲ್ಲ. ಜ್ವಾಲಾಮುಖಿ ಎಂದವರಿದ್ದರು, ಲೋಹ ಕರಗಿಸಿದ ಕಿಟ್ಟ ಎಂದವರಿದ್ದರು, ಸತಿ ಹೋದವರ ಚಿತೆಗಳು ಎಂದವರೂ ಇದ್ದರು. 19ನೇ ಶತಮಾನದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಮಾತ್ರ ಸರಿಯಾಗಿ ಹಿಡಿದರು: ಇದು ದನದ ಸಗಣಿ ಸುಟ್ಟ ಬೂದಿ, ದೊಡ್ಡಿಯಲ್ಲಿ ರಾಶಿ ಬಿದ್ದ ಸಗಣಿ.

ಇಂಥ ದಿಬ್ಬವನ್ನು ಕಡಿದ ಕಡೆ ನಿಂತು ನೋಡಿದರೆ ಪದರ ಪದರ ಕಾಣುತ್ತದೆ. ಒಂದು ಪದರ ವಿಭೂತಿಯಂತೆ ನುಣುಪು, ಬೆರಳಿಗೆ ಅಂಟುತ್ತದೆ. ಅದರ ಮೇಲಿನದು ಗಟ್ಟಿ, ಕಪ್ಪು ಕಪ್ಪು, ಒಳಗೆಲ್ಲ ಗುಳ್ಳೆಗಳ ತೂತು, ಮುರಿದ ಜಾಗದಲ್ಲಿ ಗಾಜಿನ ಹೊಳಪು. ಸಗಣಿ ಗಾಜಾಗುವುದು ಹೇಗೆ? ಹುಲ್ಲಿನ ಎಲೆ ಕೈ ಕೊಯ್ಯುತ್ತದೆ ಅಲ್ವಾ, ಅದಕ್ಕೆ ಕಾರಣ ಹುಲ್ಲಿನೊಳಗಿನ ಸಿಲಿಕಾ ಕಣಗಳು. ಅವು ದನದ ಹೊಟ್ಟೆಯಲ್ಲಿ ಕರಗುವುದಿಲ್ಲ, ಹಾಗೇ ಸಗಣಿಗೆ ಬರುತ್ತವೆ. ದೊಡ್ಡ ರಾಶಿಗೆ ಬೆಂಕಿ ಬಿದ್ದು ಒಳಗೆ ಶಾಖ ಕಟ್ಟಿಕೊಂಡಾಗ, ಬೂದಿಯಲ್ಲಿರುವ ಪೊಟ್ಯಾಷ್‌ನಂಥ ಕ್ಷಾರಗಳು ಸಿಲಿಕಾ ಕರಗುವ ಉಷ್ಣತೆಯನ್ನು ಇಳಿಸುತ್ತವೆ. ಕರಗಿದ್ದು ಆರಿದರೆ ಗಾಜು. ದಿನಾ ಒಲೆಗೆ ಹಾಕುವ ಕುಳ್ಳಿಗೆ ಅಷ್ಟು ಶಾಖ ಬರುವುದಿಲ್ಲ, ಹಾಗಾಗಿ ನಮ್ಮ ಒಲೆಯಲ್ಲಿ ಬರೀ ಬೂದಿ ಉಳಿಯುತ್ತದೆ.

1957ರಲ್ಲಿ ಆಲ್ಚಿನ್ ಎಂಬ ಪುರಾತತ್ತ್ವಜ್ಞರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬ ಅಗೆದಾಗ ವಾದ ಬಹುಪಾಲು ಮುಗಿಯಿತು. ದೊಡ್ಡಿಯ ಬೇಲಿಗೂಟ ನೆಟ್ಟಿದ್ದ ಕುಳಿಗಳು ಸಾಲಾಗಿ ಸಿಕ್ಕವು. ಅಷ್ಟೇ ಅಲ್ಲ, ಬೂದಿಯಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಬೂದಿ ತುಳಿದುಕೊಂಡು ಹೋದ ಯಾವುದೋ ಎತ್ತು ಅಥವಾ ಹಸು. ನನಗಂತೂ ಎಷ್ಟೋ ರಾಜರ ಶಾಸನಗಳಿಗಿಂತ ಈ ಗೊರಸು ಜಾಸ್ತಿ ಇಷ್ಟ.

ಆದರೆ ಸುಟ್ಟಿದ್ದು ಯಾಕೆ? ಇದು ಇನ್ನೂ ತೀರ್ಮಾನವಾಗಿಲ್ಲ. ಹಬ್ಬದ ದಿನ ಬೇಕೆಂದೇ ಹಚ್ಚಿದ ಬೆಂಕಿ ಇರಬಹುದು ಎಂದರು ಆಲ್ಚಿನ್. ಸಂಕ್ರಾಂತಿಗೆ ದನಗಳನ್ನು ಕಿಚ್ಚು ಹಾಯಿಸುವುದನ್ನು ಕಂಡ ನಮಗೆ ಈ ಮಾತು ತಕ್ಷಣ ರುಚಿಸುತ್ತದೆ, ಅದಕ್ಕೇ ಸ್ವಲ್ಪ ಹುಷಾರಾಗಿರಬೇಕು. ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದ ಕೆ. ಪದ್ದಯ್ಯ ಅವರಿಗೆ ದಿಬ್ಬದ ಪಕ್ಕದಲ್ಲೇ ಜನ ವಾಸವಿದ್ದ ಜಾಗ, ದನ ಕಡಿದು ಹಂಚಿದ ನೆಲ ಸಿಕ್ಕಿತು. ಅಂದರೆ ಇದು ಬರೀ ಕೊಟ್ಟಿಗೆಯಲ್ಲ, ಊರು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಮಣ್ಣನ್ನು ನೀರಲ್ಲಿ ಕದಡಿ, ತೇಲಿದ ಸುಟ್ಟ ಕಾಳುಗಳನ್ನು ನೋಡಿದಾಗ ಹುರುಳಿ, ಹೆಸರು, ಕೊರಲೆ ಸಿಕ್ಕವು. ಸಿರಿಧಾನ್ಯದ ಅಂಗಡಿಯಲ್ಲಿ ಈಗ ದುಬಾರಿಗೆ ಮಾರುವ ಅದೇ ಕೊರಲೆ.

ಇನ್ನು ಕಾವಲಿನ ವಿಷಯ. 1958ರ ಕೇಂದ್ರ ಕಾಯ್ದೆ, 1961ರ ರಾಜ್ಯದ ಕಾಯ್ದೆ, ಎರಡೂ ಇವೆ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಕಾಗದದಲ್ಲಿ ಚೆನ್ನಾಗಿಯೇ ಇದೆ. ತೊಂದರೆ ಏನೆಂದರೆ ರಾಯಚೂರು, ಯಾದಗಿರಿ, ಬಳ್ಳಾರಿ ಕಡೆ ಚದುರಿರುವ ಬೂದಿದಿಬ್ಬಗಳು ನೂರಕ್ಕೂ ಹೆಚ್ಚು, ಬಹಳಷ್ಟು ಹೊಲದ ನಡುವೆ. ರೈತನ ಕಣ್ಣಿಗೆ ಅದು ಪುಕ್ಕಟೆ ಗೊಬ್ಬರ, ಗಾಡಿಗಟ್ಟಲೆ ಹೊಲಕ್ಕೆ ಹೋಗಿದೆ. ಅವರನ್ನು ಬೈಯುವುದು ಸುಲಭ. ಅದು ಏನು ಎಂದು ಅವರಿಗೆ ಯಾರು ಹೇಳಿದ್ದರು? ಬೇಲಿ ಹಾಕಿ ದಂಡದ ಫಲಕ ನಿಲ್ಲಿಸಿದರೆ ಸಾಲದು. ನಾಲ್ಕು ಸಾಲಲ್ಲಿ, ಕನ್ನಡದಲ್ಲಿ, ಇದು ದಕ್ಷಿಣದಲ್ಲಿ ದನ ಸಾಕಿ ಬೇಸಾಯ ಶುರು ಮಾಡಿದವರ ಜಾಗ ಎಂದು ಬರೆಯಬೇಕು.

ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳ ಕಥೆ ಇನ್ನೂ ಬೇರೆ. ಅಲ್ಲಿ ಬಂಡೆಗಳ ಮೇಲೆ ಉದ್ದ ಕೊಂಬಿನ ಹೋರಿಗಳನ್ನು ಕುಟ್ಟಿ ಬಿಡಿಸಿದ್ದಾರೆ, ಕೆಲವು ಬಂಡೆ ಬಡಿದರೆ ಗಂಟೆಯ ಸದ್ದು ಬರುತ್ತದೆ. ಅಲ್ಲಿನ ಶತ್ರು ಗೊಬ್ಬರದ ಗಾಡಿಯಲ್ಲ, ಕಲ್ಲು ಕ್ವಾರಿ. ಹೋಗುವವರು ಮೊದಲು ಬಳ್ಳಾರಿಯಲ್ಲಿ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ನೋಡಿ, ಆಮೇಲೆ ಗುಡ್ಡ ಹತ್ತಿ. ದಿಬ್ಬದಿಂದ ಗಾಜಿನ ತುಂಡು ಮಾತ್ರ ಎತ್ತಬೇಡಿ. ಯಾವ ಪದರದ್ದು ಅಂತ ಗೊತ್ತಿಲ್ಲದ ತುಂಡಿನಿಂದ ಯಾರಿಗೂ ಅದರ ಕಾಲ ಹೇಳಲಾಗುವುದಿಲ್ಲ.